ಕವನದ ಪುಟ ತೆಗೆಯಬೇಕಾ?

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ಓದುಗರೊಬ್ಬರು ಬರೆದಿದ್ದಾರೆ: "ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ವಾಪಸ್ ಸೇರುವುದು ರಾತ್ರಿ ಎಂಟಕ್ಕೆ. ಕಥೆ, ಲೇಖನ ಹೇಗೋ ಓದುತ್ತೇನೆ. ಕವನ ಓದೋಕೆ ಪುರುಸೊತ್ತು ಬೇಕು, ಅದು ನನಗಿಲ್ಲ. ಅಕ್ಷರ ಬೇರೆ ಸಣ್ಣದು. ಆ ಪುಟದಲ್ಲಿ ಇನ್ನೇನಾದರೂ ಹಾಕಬಾರದೇ?"

ನಮಸ್ಕಾರ. ಪುರುಸೊತ್ತು ಇದ್ದವರಿಗೆ ಮಾತ್ರ ಕವನ ಅಂತ ನಮ್ಮ ತಲೆಗೆ ತುಂಬಿದವರು ಯಾರೋ! (ಬಹುಶಃ ನಮ್ಮ ಮೇಷ್ಟ್ರುಗಳೇ. ಹತ್ತು ಸಾಲಿಗೆ ಎರಡು ಪುಟ ಸಾರಾಂಶ ಬರೆಸುತ್ತಿದ್ದರು.) ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರಿಗೆ ಎಲ್ಲಿತ್ತು ಪುರುಸೊತ್ತು? ಅವರ ಬಾಯಲ್ಲಿದ್ದ ತ್ರಿಪದಿಗಳನ್ನೇ ಅಲ್ವಾ ಹಲಸಂಗಿ ಗೆಳೆಯರು ಅನ್ನುವ ಬರಹಗಾರರ ಗುಂಪು ಸಂಗ್ರಹಿಸಿ 'ಗರತಿಯ ಹಾಡು' ಅಂತ ಪುಸ್ತಕ ಮಾಡಿದ್ದು? "ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಲಿ" ಅನ್ನುವ ಜನಪದ ಹಾಡು ನಿಮಗೂ ಗೊತ್ತಿರುತ್ತದೆ. ಎಳ್ಳು, ಜೀರಿಗೆ ಬೆಳೆಯುವ ಭೂಮಿತಾಯಿಯನ್ನು ಎದ್ದು ಒಂದು ಗಳಿಗೆ ನೆನೆಯುತ್ತಾಳೆ. ಒಂದೇ ಗಳಿಗೆ. ಆಮೇಲೆ ಕೆಲಸ ಇದೆ.

ಕಾದಂಬರಿಯನ್ನು ಅರ್ಧಕ್ಕೆ ಬಿಟ್ಟರೆ ಎಳೆ ತಪ್ಪುತ್ತದೆ. ಕವನದ್ದಾದರೆ ಎರಡು ಸಾಲು ನೆನಪಿನಲ್ಲಿದ್ದರೂ ಸಾಕು. ಅಲ್ಲಮನ "ಬೆಟ್ಟದ ನೆಲ್ಲಿಯ ಕಾಯಿ, ಸಮುದ್ರದೊಳಗಣ ಉಪ್ಪು, ಎತ್ತಣಿಂದೆತ್ತ ಸಂಬಂಧವಯ್ಯಾ" ಅನ್ನುವ ಸಾಲನ್ನು ಕಾಲೇಜಿನಲ್ಲಿ ಪರೀಕ್ಷೆಗೆ ಅಂತ ಉರು ಹೊಡೆದಿದ್ದೆ. ಅದು ಮತ್ತೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಅಡುಗೆಮನೆಯಲ್ಲಿ. ಭರಣಿಯಲ್ಲಿ ನೆಲ್ಲಿಕಾಯಿ ಉಪ್ಪುನೀರಿಗೆ ಬಿದ್ದು ನಾಲ್ಕು ದಿನ ಆಗಿತ್ತು. ಮುಚ್ಚಳ ತೆಗೆದೆ, ಹುಳಿ ವಾಸನೆಯ ಜೊತೆಗೇ ಆ ಸಾಲೂ ಎದ್ದು ಬಂತು. ಎಲ್ಲಿಯ ಬೆಟ್ಟ, ಎಲ್ಲಿಯ ಕಡಲು, ಸೇರಿದ್ದು ನಮ್ಮನೆ ಭರಣಿಯಲ್ಲಿ! ಕೊನೆಗೆ ಅಲ್ಲಮ ಇದೇ ಪ್ರಶ್ನೆಯನ್ನು ಗುಹೇಶ್ವರನಿಗೂ ತನಗೂ ಹಾಕಿಕೊಳ್ಳುತ್ತಾನೆ. ಅದು ನನಗೆ ಇನ್ನೂ ಪೂರ್ತಿ ಬಗೆಹರಿದಿಲ್ಲ.

ನೀವು ಡಿವಿಜಿಯವರ 'ಮಂಕುತಿಮ್ಮನ ಕಗ್ಗ'ದಿಂದ ಶುರು ಮಾಡಬಹುದು. 1943ರ ಪುಸ್ತಕ. ಒಟ್ಟು 945 ಪದ್ಯ, ಒಂದೊಂದೂ ನಾಲ್ಕೇ ಸಾಲು. ದಿನಕ್ಕೊಂದು ಓದಿದರೆ ಎರಡೂವರೆ ವರ್ಷಕ್ಕೂ ಜಾಸ್ತಿ ಬರುತ್ತದೆ. ದಿನಕ್ಕೊಂದೂ ಬೇಡ, ವಾರಕ್ಕೊಂದು ಸಾಕು. ತುಮಕೂರು ಬಿಡುವಾಗ ಒಂದು ಸಲ ಓದಿ, ಯಶವಂತಪುರ ಬರುವ ಮುಂಚೆ ಇನ್ನೊಂದು ಸಲ. ತುಟಿ ಅಲ್ಲಾಡಿಸಿಯೇ ಓದಿ. ಪಕ್ಕದವರು ಜಪ ಅಂದುಕೊಂಡು ಸೀಟು ಬಿಟ್ಟರೂ ಬಿಟ್ಟಾರು. ಹಿಡಿಸದ ಪದ್ಯ ಸಿಕ್ಕಿದರೆ ಸುಮ್ನೆ ಮುಂದೆ ಹೋಗಿ. ಕಗ್ಗದಲ್ಲೂ ಎಲ್ಲವೂ ನನಗೆ ಹಿಡಿಸುವುದಿಲ್ಲ, ಕೆಲವು ಕಡೆ ಉಪದೇಶ ಜಾಸ್ತಿ ಆಯಿತು ಅನಿಸುತ್ತದೆ. ಅಂಥ ದಿನ ದಿನಕರ ದೇಸಾಯಿಯವರ ಚುಟುಕ ತೆಗೆಯುತ್ತೇನೆ. ಅಲ್ಲೂ ನಾಲ್ಕೇ ಸಾಲು, ಆದರೆ ಕೊನೆಯಲ್ಲಿ ಚಿವುಟುತ್ತವೆ.

ಪುಟ ತೆಗೆಯುವುದಿಲ್ಲ, ಕ್ಷಮಿಸಿ. ಅಕ್ಷರದ ದೂರು ಮಾತ್ರ ನ್ಯಾಯವಾದದ್ದು. ಒಂದು ಪುಟಕ್ಕೆ ನಾಲ್ಕು ಕವನ ತುರುಕುತ್ತಿದ್ದೆವು. ಮುಂದಿನ ಸಂಚಿಕೆಯಿಂದ ಒಂದೇ ಕವನ, ರೈಲು ಅಲ್ಲಾಡಿದರೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ.

– ಸಂಪಾದಕ