ಡಬಲ್-ಎ ಹುಡುಗನಿಗಾಗಿ ಪಳಗಿದ ಪಿಚರ್‌ನನ್ನು ಕೊಡಬೇಡಿ ಮಾರಾಯ್ರೆ

ಮಾರಾಯ್ರೆ, ನಮ್ಮ ಫ್ಯಾಂಟಸಿ ಬೇಸ್‌ಬಾಲ್ ಲೀಗ್‌ನ (ನಿಜ ಆಟಗಾರರನ್ನು ಆರಿಸಿ ನಾವು ಕಾಗದದ ಮೇಲೆ ತಂಡ ಕಟ್ಟುವ ಆಟ, ಅವರ ನಿಜ ಪಂದ್ಯದ ಅಂಕಿಗಳೇ ನಮ್ಮ ಅಂಕ) ಆ ಟ್ರೇಡ್, ಅಂದರೆ ಆಟಗಾರರ ಅದಲುಬದಲು, ಖಾಯಂ ಆಗುವ ಮೊದಲು ಇದನ್ನು ಓದಿ. ನಿಮ್ಮ ಪೋಸ್ಟ್ ನೋಡಿ ಕಾಫಿ ಆರಲು ಬಿಟ್ಟು ಟೈಪ್ ಮಾಡುತ್ತಿದ್ದೇನೆ. ಡಬಲ್-ಎಯಲ್ಲಿ (ಅಮೆರಿಕದ ಮೇಜರ್ ಲೀಗ್ ಕೆಳಗಿನ ಮೈನರ್ ಲೀಗ್‌ಗಳಲ್ಲಿ ಒಂದು; ಅದರ ಮೇಲೆ ಟ್ರಿಪಲ್-ಎ, ಕೆಳಗೆ ಸಿಂಗಲ್-ಎ) 20ರ ಪಿಚರ್ ಹುಡುಗ (ಪಿಚರ್ ಅಂದರೆ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ), ಗಂಟೆಗೆ 99 ಮೈಲಿ ಎಸೆಯುತ್ತಾನೆ, ಇಆರ್‌ಎ (ಒಂಬತ್ತು ಇನ್ನಿಂಗ್ಸಿಗೆ ಬಿಟ್ಟುಕೊಡುವ ಸರಾಸರಿ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು) ಎರಡರ ಒಳಗಿದೆ, ಮುಂದಿನ ತಿಂಗಳು ಮೇಲೆ, ಮೇಜರ್ ಲೀಗ್‌ಗೆ, ಬಂದೇ ಬರುತ್ತಾನೆ ಅಂತ ಬರೆದಿದ್ದೀರಿ. ಅವನಿಗಾಗಿ 26ರ ಪಳಗಿದ ಪಿಚರ್‌ನನ್ನು ಕೊಡಲು ಹೊರಟಿದ್ದೀರಿ. 2010ರಲ್ಲಿ ನಾನು ಮಾಡಿದ್ದೂ ಹೆಚ್ಚು ಕಡಿಮೆ ಇದನ್ನೇ. ನಾನು ಕೊಟ್ಟದ್ದು ಕರ್ಷಾನನ್ನು.

ಹೌದು, ಮುಂದೆ ದಿಗ್ಗಜ ಆದ ಡಾಜರ್ಸ್ ಪಿಚರ್ ಕ್ಲೇಟನ್ ಕರ್ಷಾನನ್ನೇ. ನಗಬೇಡಿ.

ಆಗ ನಮ್ಮದು ಯಾಹೂನಲ್ಲಿ ಹತ್ತು ಜನರ ಕೀಪರ್ ಲೀಗ್ (ಆಟಗಾರರನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳಬಹುದು), ಎಲ್ಲರೂ ಕ್ಯಾಲಿಫೋರ್ನಿಯಾದ ಬೇ ಏರಿಯಾ ಕನ್ನಡದವರು. ಜೂನ್ 8ಕ್ಕೆ ವಾಷಿಂಗ್ಟನ್ ನ್ಯಾಷನಲ್ಸ್‌ನ ಹೊಸ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್ ಮೊದಲ ಪಂದ್ಯ. ಪೈರೇಟ್ಸ್ ವಿರುದ್ಧ 7 ಇನ್ನಿಂಗ್ಸ್, 14 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಒಂದೂ ವಾಕ್ (ನಾಲ್ಕು ಎಸೆತ ಗುರಿಯ ಆಚೆ ಹೋದರೆ ಬ್ಯಾಟರ್‌ಗೆ ಪುಕ್ಕಟೆ ಬೇಸ್) ಇಲ್ಲ. ಕೊನೆಯ ಏಳು ಬ್ಯಾಟರ್‌ಗಳು ಸಾಲಾಗಿ ಸ್ಟ್ರೈಕ್‌ಔಟ್. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕರ್ಷಾಗೆ ಆಗ 22 ವರ್ಷ, ವಾಕ್ ಜಾಸ್ತಿ ಕೊಡುತ್ತಿದ್ದ, ನನಗೆ ಅವನ ಮೇಲೆ ಬೇಸರ ಬಂದಿತ್ತು. ಬೆಳಗ್ಗೆ ಹಲ್ಲುಜ್ಜುವ ಮೊದಲೇ, ಕರ್ಷಾನನ್ನು ಕೊಡುತ್ತೇನೆ ಸ್ಟ್ರಾಸ್‌ಬರ್ಗ್‌ನನ್ನು ಕೊಡಿ ಅಂತ ಆಫರ್ ಕಳಿಸಿದೆ. ಎದುರಿನವರು ಹತ್ತು ನಿಮಿಷದಲ್ಲಿ ಒಪ್ಪಿಕೊಂಡರು. ಆ ಹತ್ತು ನಿಮಿಷದಲ್ಲೇ ನನಗೆ ಅರ್ಥ ಆಗಬೇಕಿತ್ತು.

ಆಗಸ್ಟ್ 21, ಫಿಲಡೆಲ್ಫಿಯಾ, ಐದನೇ ಇನ್ನಿಂಗ್ಸ್. ಒಂದು ಚೇಂಜಪ್ (ವೇಗ ಇಳಿಸಿ ಬ್ಯಾಟರ್‌ಗೆ ಮೋಸ ಮಾಡುವ ಎಸೆತ) ಎಸೆದು ಸ್ಟ್ರಾಸ್‌ಬರ್ಗ್ ಕೈ ಒದರಿದ. ಸೆಪ್ಟೆಂಬರ್‌ನಲ್ಲಿ ಟಾಮಿ ಜಾನ್ ಸರ್ಜರಿ, ಅಂದರೆ ಮೊಣಕೈ ಲಿಗಮೆಂಟ್ ಮರುಜೋಡಣೆ. ಸೀಸನ್ ಕೊನೆಗೆ ನೋಡಿದರೆ ಇಬ್ಬರದೂ ಇಆರ್‌ಎ ಒಂದೇ, 2.91. ಒಬ್ಬ ಎಸೆದದ್ದು 68 ಇನ್ನಿಂಗ್ಸ್, ಇನ್ನೊಬ್ಬ 204. ಮುಂದಿನ ವರ್ಷ ಕರ್ಷಾ 21 ಗೆಲುವು, ಇಆರ್‌ಎ 2.28, 248 ಸ್ಟ್ರೈಕ್‌ಔಟ್, ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ನನ್ನವನು ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದು ಐದು ಪಂದ್ಯ ಎಸೆದ. ಸ್ಟ್ರಾಸ್‌ಬರ್ಗ್‌ನದು ತಪ್ಪು ಅಂತ ನಾನು ಹೇಳುತ್ತಿಲ್ಲ, 2019ರ ವರ್ಲ್ಡ್ ಸೀರೀಸ್ (ಫೈನಲ್ ಸರಣಿ) ಎಂವಿಪಿ, ಅಂದರೆ ಸರಣಿಶ್ರೇಷ್ಠ, ಅವನು. ತಪ್ಪು ನನ್ನದು. ಕಟ್ಟಿ ಮುಗಿದ ಮನೆ ಕೊಟ್ಟು ಪಾಯ ಹಾಕಿದ ಸೈಟ್ ತಗೊಂಡೆ.

ಕರ್ಷಾ ಬಂದ ದಾರಿಯನ್ನೇ ನೋಡಿ. 2008 ಮೇ 25ಕ್ಕೆ 20ರ ವಯಸ್ಸಿನಲ್ಲಿ ಮೇಲೆ ಬಂದ. ಜುಲೈ ಹೊತ್ತಿಗೆ ಮತ್ತೆ ಡಬಲ್-ಎಗೆ, ಜ್ಯಾಕ್ಸನ್‌ವಿಲ್‌ಗೆ ಕಳಿಸಿದರು. ಅದೇ ತಿಂಗಳು ವಾಪಸ್ ಕರೆಸಿದರು. ಆ ವರ್ಷ ಇಆರ್‌ಎ 4.26. ಅವನ ಹತ್ತಿರ ನಂಬುವಂತಿದ್ದದ್ದು ಫಾಸ್ಟ್‌ಬಾಲ್ ಮತ್ತು ಆ ದೊಡ್ಡ ಕರ್ವ್ (ತಿರುಗಿ ಕೆಳಗೆ ಬೀಳುವ ಎಸೆತ) ಮಾತ್ರ. ಬ್ಯಾಟರ್‌ಗಳು ಕರ್ವ್ ಬಿಟ್ಟು ಫಾಸ್ಟ್‌ಬಾಲಿಗೆ ಕಾಯುತ್ತಿದ್ದರು. ಸ್ಲೈಡರ್ (ಕೊನೆಗೆ ಪಕ್ಕಕ್ಕೆ ಸರಿಯುವ ಎಸೆತ) ಕಲಿತದ್ದು 2009ರಲ್ಲಿ. ಕರ್ಷಾ ಕರ್ಷಾ ಆದದ್ದು ಅಲ್ಲಿಂದ.

ಹಾಗಾಗಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ, ಮೂರನೇ ಪಿಚ್, ಅಂದರೆ ಎಸೆತದ ಮೂರನೇ ಬಗೆ, ಇದೆಯಾ? ಇಆರ್‌ಎ ಆಮೇಲೆ. 99 ಮೈಲಿ ಇನ್ನೂ ಆಮೇಲೆ, ಈಗ ಯಾರು ಎಸೆಯಲ್ಲ 99? ಇಲ್ಲಿನ ಸಿಂಗಲ್-ಎ ತಂಡ ಸ್ಯಾನ್ ಹೋಸೆ ಜೈಂಟ್ಸ್ ಪಂದ್ಯಕ್ಕೆ ಹೋದರೆ ನಾನು ಬ್ಯಾಟರ್ ನಿಲ್ಲುವ ಪ್ಲೇಟ್ ಹಿಂದೆಯೇ ಸೀಟ್ ಹುಡುಕುತ್ತೇನೆ. ಆ ದಿನ ಆಡದ ಪಿಚರ್‌ಗಳು ಅಲ್ಲೇ ರೇಡಾರ್ ಗನ್, ಚಾರ್ಟ್ ಹಿಡಿದು ಕೂತಿರುತ್ತಾರೆ. ಒಂದು ಸಲ ಎದುರು ತಂಡದ ಹುಡುಗನೊಬ್ಬ ಮೂರು ಇನ್ನಿಂಗ್ಸ್ ಬೆಂಕಿ ಎಸೆದ, ಪಕ್ಕದವರೆಲ್ಲ ಎದ್ದು ಕೂಗುತ್ತಿದ್ದರು. ನಾನು ಮುಂದಿನ ಸೀಟಿನವನ ಚಾರ್ಟ್ ಇಣುಕಿದೆ. ಚೇಂಜಪ್ ಕಾಲಂನಲ್ಲಿ ನಾಲ್ಕೇ ಗುರುತು, ನಾಲ್ಕೂ ಬಾಲ್ (ಗುರಿಯ ಆಚೆ ಹೋದದ್ದು), ಅದರಲ್ಲಿ ಎರಡು ನೆಲಕ್ಕೆ ಬಡಿದದ್ದು. ನಾಲ್ಕನೇ ಇನ್ನಿಂಗ್ಸಿಗೆ ಲೈನಪ್ ಎರಡನೇ ಸುತ್ತು ಬಂತು. ಒಬ್ಬ ಬ್ಯಾಟರ್ ಸುಮ್ನೆ ಐದು ಪಿಚ್ ಫೌಲ್ ಮಾಡಿ ವಾಕ್ ತಗೊಂಡ, ಮುಂದಿನವನು ಮೊದಲ ಫಾಸ್ಟ್‌ಬಾಲನ್ನೇ ಗೋಡೆಗೆ ಬಾರಿಸಿದ. ಚಾರ್ಟ್ ಹಿಡಿದವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. (ಅಲ್ಲಿಗೆ ಹೋದರೆ ಟರ್ಕಿ ಮೈಕ್ಸ್ ಬಾರ್ಬೆಕ್ಯೂ ಕ್ಯೂನಲ್ಲಿ ನಿಂತು ಮೂರನೇ ಇನ್ನಿಂಗ್ಸ್ ಕಳಕೊಳ್ಳಬೇಡಿ, ಮೊದಲೇ ತಿಂದು ಕೂರಿ.)

ಇನ್ನು ಸಚಿನ್ 16ಕ್ಕೇ ಟೆಸ್ಟ್ ಆಡಲಿಲ್ವಾ ಅಂತ ಕೇಳಿದ್ದೀರಿ. ಸಚಿನ್ ಬ್ಯಾಟ್ಸ್‌ಮನ್, ಮಾರಾಯ್ರೆ. (ಅವರಿಗೂ 2004ರಲ್ಲಿ ಟೆನಿಸ್ ಎಲ್ಬೋ ಆಯ್ತು, ಅದು ಬೇರೆ ಕಥೆ.) ಹೋಲಿಸುವುದಾದರೆ ಡೇವಿಡ್ ಕ್ಲೈಡ್‌ಗೆ ಹೋಲಿಸಿ. 1973ರಲ್ಲಿ ಹೈಸ್ಕೂಲ್ ಮುಗಿಸಿದ 18ರ ಹುಡುಗನನ್ನು ಟೆಕ್ಸಸ್ ರೇಂಜರ್ಸ್ ಒಂದು ದಿನವೂ ಮೈನರ್ಸ್‌ಗೆ ಕಳಿಸದೆ ಜೂನ್ 27ಕ್ಕೆ ಕಣಕ್ಕಿಳಿಸಿತು. ಸ್ಟೇಡಿಯಂ ತುಂಬಿತು, 35,698 ಜನ. 5 ಇನ್ನಿಂಗ್ಸ್, ಒಂದೇ ಹಿಟ್, 8 ಸ್ಟ್ರೈಕ್‌ಔಟ್. ಎಲ್ಲರಿಗೂ ಅದು ನೆನಪು. ಅದೇ ದಿನದ 7 ವಾಕ್ ಯಾರಿಗೂ ನೆನಪಿಲ್ಲ. ಪೂರ್ತಿ ಕರಿಯರ್ 18 ಗೆಲುವು, 33 ಸೋಲು. ಟಿಕೆಟ್ ಮಾರಲು ಕರೆದರೆ ಹೀಗೇ.

ನ್ಯೂಯಾರ್ಕ್ ಮೆಟ್ಸ್‌ನ ಡ್ವೈಟ್ ಗೂಡೆನ್ ಅಂತ ಯಾರಾದರೂ ಬಾಯಿ ತೆರೆಯುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೌದು, 1984ರಲ್ಲಿ 19ಕ್ಕೇ ಬಂದ, 276 ಸ್ಟ್ರೈಕ್‌ಔಟ್. ಆದರೆ ಹಿಂದಿನ ವರ್ಷ ಲಿಂಚ್‌ಬರ್ಗ್‌ನಲ್ಲಿ 191 ಇನ್ನಿಂಗ್ಸ್ ಎಸೆದು ಬಂದಿದ್ದ. ಈಗ ಯಾವ ತಂಡ ಸಿಂಗಲ್-ಎಯಲ್ಲಿ 191 ಎಸೆಯಲು ಬಿಡುತ್ತದೆ? 1985ರಲ್ಲಿ ಇಆರ್‌ಎ 1.53. ಅದಾದ ಮೇಲೆ ಯಾವ ವರ್ಷವೂ 2.80ರ ಕೆಳಗೆ ಇಳಿಯಲಿಲ್ಲ.

ನನ್ನ ಎರಡನೇ ಪ್ರಶ್ನೆ ಇದೇ, ಹೋದ ವರ್ಷ ಎಷ್ಟು ಇನ್ನಿಂಗ್ಸ್? ಇದಕ್ಕೆ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಮಗಳು ಬಿಟ್ಟ ಹಳೇ ಲೆಕ್ಕದ ಪುಸ್ತಕ. ಎಡಗಡೆ ಹೋದ ವರ್ಷದ ಒಟ್ಟು, ಕಾಲೇಜು, ಮೈನರ್ಸ್ ಎಲ್ಲ ಸೇರಿಸಿ. ಬಲಗಡೆ ಅದಕ್ಕೆ 30 ಕೂಡಿಸಿದ ಸಂಖ್ಯೆ. ಹುಡುಗ ಆ ಗೆರೆ ದಾಟಿದರೆ ಕೈಗೆ ಗಾಯ ಆಗುವ ಭಯ, ನಾನು ಮಾರುತ್ತೇನೆ. ಇದು ಕ್ರೀಡಾ ಬರಹಗಾರ ಟಾಮ್ ವರ್ಡುಚಿ ಹೇಳಿದ ಹಳೇ ಲೆಕ್ಕ, ಅಂಕಿಅಂಶದವರು ಇದರಲ್ಲಿ ಹುರುಳಿಲ್ಲ ಅಂತ ತಳ್ಳಿಹಾಕಿದ್ದಾರೆ, ಗೊತ್ತು. ಗುಂಪಿನಲ್ಲಿ ಮತ್ತೆ ಆ ಲಿಂಕ್ ಹಾಕಬೇಡಿ. ಸ್ಟ್ರಾಸ್‌ಬರ್ಗ್ ವಿಷಯದಲ್ಲೇ ನನ್ನ ಪುಸ್ತಕ ಫೇಲ್. 2009ರಲ್ಲಿ ಕಾಲೇಜಿನಲ್ಲಿ 109, 2010ರಲ್ಲಿ ಮೈನರ್ಸ್‌ನ 55 ಸೇರಿಸಿದರೂ 123. ಗೆರೆ ಒಳಗೇ ಇದ್ದ. ಯೂರಿ ಪೆರೆಸ್ ಅನ್ನುವ ಪಿಚರ್‌ನನ್ನು ಮಾರ್ಲಿನ್ಸ್ ತಂಡ 2023ರಲ್ಲಿ 20ಕ್ಕೆ ಕರೆಸಿ, ಇನ್ನಿಂಗ್ಸ್ ಉಳಿಸಲು ಜುಲೈನಲ್ಲಿ ಮತ್ತೆ ಕೆಳಗೆ ಕಳಿಸಿತು. ಆದರೂ 2024 ಏಪ್ರಿಲ್‌ನಲ್ಲಿ ಮೊಣಕೈ ಕೊಯ್ಯಿಸಬೇಕಾಯ್ತು. ಆಂಡ್ರ್ಯೂ ಪೇಂಟರ್‌ಗೆ 2023ರಲ್ಲಿ 19ಕ್ಕೇ ಫಿಲೀಸ್ ತಂಡದ ರೊಟೇಶನ್‌ನಲ್ಲಿ (ಸರದಿಯಲ್ಲಿ ಪಂದ್ಯ ಶುರು ಮಾಡುವ ಪಿಚರ್‌ಗಳ ಸಾಲು) ಜಾಗ ಕೊಡಲು ನೋಡುತ್ತಿದ್ದರು, ಸ್ಪ್ರಿಂಗ್ ಟ್ರೇನಿಂಗ್‌ನಲ್ಲೇ ಮೊಣಕೈ ಹೋಯ್ತು, ಮೇಜರ್ಸ್‌ನಲ್ಲಿ ಒಂದು ಪಿಚ್ ಎಸೆಯುವ ಮೊದಲೇ. ಅಂದರೆ ನಿಧಾನ ಮಾಡಿದರೆ ಕೈ ಉಳಿಯುತ್ತದೆ ಅಂತ ನಾನು ಗ್ಯಾರಂಟಿ ಕೊಡಲ್ಲ. ಆದರೂ ಪುಸ್ತಕ ಬಿಡಲ್ಲ. ಹೋದ ವರ್ಷ 80 ಇನ್ನಿಂಗ್ಸ್ ಎಸೆದವನು ನಿಮಗೆ ನಮ್ಮ ಲೀಗ್‌ನ ಸೆಪ್ಟೆಂಬರ್ ಪ್ಲೇಆಫ್‌ನಲ್ಲಿ ಸಿಗಲ್ಲ ಅಂತ ತಿಳಿಯಲು ಅದು ಸಾಕು.

ಪೈರೇಟ್ಸ್‌ನ ಪಾಲ್ ಸ್ಕೀನ್ಸ್ ಉದಾಹರಣೆ ಕೊಟ್ಟಿದ್ದೀರಲ್ಲ, ಅವನು ಎಲ್‌ಎಸ್‌ಯು ಕಾಲೇಜಿನಲ್ಲಿ 122 ಇನ್ನಿಂಗ್ಸ್ ಎಸೆದು ಡ್ರಾಫ್ಟ್ (ತಂಡಗಳು ಹೊಸಬರನ್ನು ಆರಿಸುವುದು) ಆದವನು. ಮೇಲೆ ಬಂದಾಗ ವಯಸ್ಸು ಹತ್ತಿರಹತ್ತಿರ 22. ಆದರೂ 2024ರಲ್ಲಿ ಮೊದಲು ಟ್ರಿಪಲ್-ಎಯಲ್ಲಿ ಏಳು ಪಂದ್ಯ, ಸೇರಿಸಿದರೆ 27 ಇನ್ನಿಂಗ್ಸ್ ಅಷ್ಟೇ. ಮೇ 11ಕ್ಕೆ ಮೇಲೆ. ಅಲ್ಲಿ ಸರ್ವಿಸ್ ಟೈಮ್ (ಮೇಜರ್ಸ್‌ನಲ್ಲಿ ಕಳೆದ ದಿನಗಳು; ತಡವಾಗಿ ಕರೆಸಿದರೆ ಆಟಗಾರ ತಂಡದ ಕೈಲಿ ಹೆಚ್ಚು ಕಾಲ ಇರುತ್ತಾನೆ) ಲೆಕ್ಕವೂ ಇತ್ತು ಅಂತ ನನ್ನ ಗುಮಾನಿ, ಆದರೆ ರೂಕಿ ಆಫ್ ದಿ ಇಯರ್ ಆಗಿ ಪೂರ್ತಿ ವರ್ಷದ ಸರ್ವಿಸ್ ಗಿಟ್ಟಿಸಿಕೊಂಡ. ಟೊರೊಂಟೊ ಬ್ಲೂ ಜೇಸ್‌ನ ಟ್ರೇ ಯೆಸಾವೇಜ್ 2025ರಲ್ಲಿ ಸಿಂಗಲ್-ಎಯಿಂದ ಶುರು ಮಾಡಿ ಅಕ್ಟೋಬರ್‌ನಲ್ಲಿ ಡಾಜರ್ಸ್ ಮೇಲೆ ವರ್ಲ್ಡ್ ಸೀರೀಸ್‌ನಲ್ಲಿ 12 ಸ್ಟ್ರೈಕ್‌ಔಟ್ ಮಾಡಿದ, ನಾನೂ ಕುಣಿದೆ. ಆದರೆ ಅವನೂ 22ರ ಕಾಲೇಜು ಹುಡುಗ, ಮತ್ತು ಆ ಸ್ಪ್ಲಿಟರ್ (ತಟ್ಟನೆ ಕೆಳಗಿಳಿಯುವ ಎಸೆತ) ಯಾರ ಹತ್ತಿರ ಇದೆ? ನಿಮ್ಮವನು ಹೈಸ್ಕೂಲಿನಿಂದ ಬಂದವನು. ಅವನಿಗೆ ಇವರ ಲೆಕ್ಕ ಹಾಕಬೇಡಿ.

ಇನ್ನೊಂದು, ಬಾಲ್ ಬೇರೆ. ಟ್ರಿಪಲ್-ಎಯಲ್ಲಿ 2019ರಿಂದ ಮೇಜರ್ಸ್‌ನ ರಾಲಿಂಗ್ಸ್ ಬಾಲೇ. ಅದಕ್ಕಿಂತ ಕೆಳಗೆ ಬೇರೆ ಬಾಲ್. ಬಾಲ್ ಬದಲಾದ ವರ್ಷ ಟ್ರಿಪಲ್-ಎಯಲ್ಲಿ ಹೋಮ್‌ರನ್ ಹೇಗೆ ಏರಿತು ನೆನಪಿದೆಯಲ್ಲ. ಬ್ರೇಕಿಂಗ್ ಬಾಲ್ (ತಿರುವಿನ ಎಸೆತ) ಹಿಡಿತ ಮತ್ತೆ ಕೂರಿಸಬೇಕು. ಎರಡು ತಿಂಗಳು ಟ್ರಿಪಲ್-ಎಯಲ್ಲಿ ಕಳೆಯದವನನ್ನು ನಾನು ನಂಬಲ್ಲ. ಅಲ್ಲಿಯ ಇಆರ್‌ಎ ನೋಡಿ ಗಾಬರಿ ಬೀಳಬೇಡಿ, ಅಲ್ಬುಕರ್ಕಿ, ರೀನೋ ಎರಡೂ ಎತ್ತರದ ಊರುಗಳು, ಬಾಲ್ ಹಾರುತ್ತದೆ. ಬೇಸ್‌ಬಾಲ್ ಸಾವಂಟ್ ವೆಬ್‌ಸೈಟ್‌ನಲ್ಲಿ ಟ್ರಿಪಲ್-ಎ ಡೇಟಾ ಬಿಟ್ಟಿ ಸಿಗುತ್ತದೆ. ತಿಂಗಳಿಗೆ ದುಡ್ಡು ಕೊಟ್ಟು ಯಾರದೋ ಪ್ರಾಸ್ಪೆಕ್ಟ್ ಲಿಸ್ಟ್ ಓದುವುದಕ್ಕಿಂತ ಅದು ವಾಸಿ.

ಹುಡುಗ ಮೇಲೆ ಬಂದ ದಿನವೇ ನಿಮ್ಮ ಫ್ಯಾಂಟಸಿ ತಂಡದ ಸ್ಟಾರ್ಟಿಂಗ್‌ಗೆ ಹಾಕುವ ಚಟ ಬಿಡಿ. ಹಾಕಲೇಬೇಕೆಂದರೆ ಮೊದಲನೆಯ ಪಂದ್ಯಕ್ಕೆ ಹಾಕಿ, ಎರಡನೆಯದಕ್ಕೆ ಬೆಂಚ್. ಅಷ್ಟರಲ್ಲಿ ಮೊದಲ ಪಂದ್ಯದ ವಿಡಿಯೋ ಎದುರಿನ ಬ್ಯಾಟರ್‌ಗಳೆಲ್ಲರೂ ನೋಡಿರುತ್ತಾರೆ. ಸಿನ್ಸಿನಾಟಿ ರೆಡ್ಸ್‌ನ ಚೇಸ್ ಬರ್ನ್ಸ್ 2025ರಲ್ಲಿ ಯಾಂಕೀಸ್ ವಿರುದ್ಧ ಮೊದಲ ಐವರನ್ನೂ ಸ್ಟ್ರೈಕ್‌ಔಟ್ ಮಾಡಿದ. ಎರಡನೇ ಪಂದ್ಯ ಬೋಸ್ಟನ್‌ನಲ್ಲಿ, ಒಂದೇ ಔಟ್, ಏಳು ರನ್. ನಮ್ಮ ಲೀಗ್‌ನಲ್ಲಿ ಆ ವಾರ ಯಾರ ಡಬ್ಲ್ಯುಎಚ್‌ಐಪಿ (ಇನ್ನಿಂಗ್ಸಿಗೆ ಕೊಟ್ಟ ಹಿಟ್, ವಾಕ್‌ಗಳ ಲೆಕ್ಕ) ಏನಾಯ್ತು ಅಂತ ಹೇಳಲ್ಲ, ಅವರು ಇಲ್ಲೇ ಓದುತ್ತಿದ್ದಾರೆ.

ಹಾಗೆಯೇ ನಿಮ್ಮ ಮಗನ ವಿಡಿಯೋನೂ ನೋಡಿದೆ, ಆ ವೇಯ್ಟೆಡ್ ಬಾಲ್ (ತೂಕ ಹೆಚ್ಚಿಸಿದ ಅಭ್ಯಾಸದ ಬಾಲ್) ಸೆಟ್ ವಾಪಸ್ ಮಾಡಿ. 12ರ ಹುಡುಗನಿಗೆ ಅದು ಬೇಡ. ಮೇಜರ್ ಲೀಗ್‌ನ ಪಿಚ್ ಸ್ಮಾರ್ಟ್ ಮಾರ್ಗಸೂಚಿ ಪ್ರಕಾರ ಅವನಿಗೆ ದಿನಕ್ಕೆ 85 ಪಿಚ್ ಮಿತಿ, 66 ಮುಟ್ಟಿದರೆ ನಾಲ್ಕು ದಿನ ರಜೆ. ಶನಿವಾರ ಒಂದು ತಂಡಕ್ಕೆ, ಭಾನುವಾರ ಇನ್ನೊಂದು ಟ್ರಾವೆಲ್ ತಂಡಕ್ಕೆ ಎಸೆದರೆ ಕೋಚ್‌ಗಳಿಗೆ ಗೊತ್ತಾಗಲ್ಲ, ಲೆಕ್ಕ ಇಡಬೇಕಾದವರು ನೀವು. ವರ್ಷಕ್ಕೆ ನಾಲ್ಕು ತಿಂಗಳು ಎಸೆತವೇ ಬೇಡ. ಗ್ಲೋವ್ ಬೇಕಾದರೆ ವಿಲ್ಸನ್ ಎ2000 ಕೊಡಿಸಿ, ಪಳಗಲು ತಡ, ಆದರೆ ಬಾಳಿಕೆ ಬರುತ್ತದೆ.

ಟ್ರೇಡ್ ಇನ್ನೂ ಪೆಂಡಿಂಗ್ ಇದ್ದರೆ ಈಗಲೇ ಕ್ಯಾನ್ಸಲ್ ಮಾಡಿ, ನಮ್ಮ ಲೀಗ್ ನಡೆಯುವ ಫ್ಯಾಂಟ್ರಾಕ್ಸ್ ಸೈಟ್‌ನಲ್ಲಿ ಎದುರಿನವರು ಒಪ್ಪುವವರೆಗೆ ಆಗುತ್ತದೆ. ಕೊಡಲೇಬೇಕು ಅಂತ ಹಟವಿದ್ದರೆ ಆ 26ರವನನ್ನು ನನಗೆ ಕೊಡಿ. ನನ್ನ ಹತ್ತಿರ ಇಬ್ಬರು 20ರ ಹುಡುಗರಿದ್ದಾರೆ, ಇಬ್ಬರನ್ನೂ ತಗೊಳ್ಳಿ.