ಸಾವಿರ ಗುಂಡಿನ ಪೆಟ್ಟಿಗೆ ಈಗಲೇ ಬೇಡ

ತಮ್ಮಾ,

ನಿನ್ನ ಪತ್ರ ಓದಿದೆ. ಹೆಬ್ರಿಯಿಂದ ಮುಂದಿನ ತಿಂಗಳು ಎಚ್-1ಬಿ ವೀಸಾದಲ್ಲಿ ಡಲ್ಲಾಸಿಗೆ ಹೊರಟಿದ್ದೀ, ಹೆಂಡತಿ ಮತ್ತು ಎರಡು ವರ್ಷದ ಮಗಳೂ ಒಟ್ಟಿಗೆ. ಸಂತೋಷ. ನಿನ್ನ ಮಣಿಪಾಲದ ಕ್ಲಾಸ್‌ಮೇಟ್ ಅಲ್ಲಿ ಪ್ರತಿ ಶನಿವಾರ ಶೂಟಿಂಗ್ ರೇಂಜಿಗೆ ಹೋಗುತ್ತಾನೆ, ಸಾವಿರ ಗುಂಡಿನ ಪೆಟ್ಟಿಗೆ ಒಮ್ಮೆಲೇ ತರಿಸಿ ಇಬ್ಬರೂ ಪಾಲು ಮಾಡಿಕೊಂಡರೆ ತುಂಬಾ ಅಗ್ಗ ಎಂದಿದ್ದಾನೆ. ಅದು ಲಾಭವಾ ಎಂದು ಕೇಳಿದ್ದೀ. ಕೊನೆಗೆ, ಅಪ್ಪನ ಕೋವಿಗೆ ಅಲ್ಲಿಂದ ನಾಲ್ಕು ತೋಟೆ ತರಬಹುದಾ ಎಂದೂ ಕೇಳಿದ್ದೀ.

ರೇಟಿನ ವಿಷಯ ಆಮೇಲೆ ಮಾತಾಡುವ. ಮೊದಲು ವೀಸಾ. ಊರಿನಿಂದ ಹೊಸದಾಗಿ ಬಂದವರಿಗೆ ಇದನ್ನು ಹೇಳುವವರು ಕಡಿಮೆ, ಹಾಗಾಗಿ ಬಿಡಿಸಿ ಬರೆಯುತ್ತೇನೆ. ಅಮೆರಿಕದ ಫೆಡರಲ್ ಕಾನೂನಿನ, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿನ ಪ್ರಕಾರ ಎಚ್-1ಬಿ (ನೌಕರಿಯವರದ್ದು), ಎಚ್-4 (ಅವರ ಹೆಂಡತಿ ಮಕ್ಕಳದ್ದು), ಎಫ್-1 (ವಿದ್ಯಾರ್ಥಿಗಳದ್ದು) ಹೀಗೆ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದಿರುವ ಹಾಗಿಲ್ಲ. ಬಂದೂಕು ಇಲ್ಲದೆ ಬರೀ ಒಂದು ಗುಂಡು ಇದ್ದರೂ ಅಪರಾಧವೇ. ವಿನಾಯಿತಿಗಳು ಕೆಲವು ಉಂಟು, ಆದರೆ ನಮ್ಮಂಥ ನೌಕರಿಯವರಿಗೆ ಉಪಯೋಗಕ್ಕೆ ಬರುವುದು ಒಂದೇ: ಅಲ್ಲಿನ ಒಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಅದಿಲ್ಲದೆ ಸಿಕ್ಕಿಬಿದ್ದರೆ, 2022ರಲ್ಲಿ ಕಾನೂನು ಬಿಗಿಯಾದ ಮೇಲೆ, 15 ವರ್ಷದವರೆಗೆ ಜೈಲು. ಗಡೀಪಾರಿಗೂ ಆ ಶಿಕ್ಷೆಯೇ ಸಾಕು.

ರೇಂಜಿನಲ್ಲಿ ಬಾಡಿಗೆ ಬಂದೂಕು ಕೈಗೆ ತೆಗೆದುಕೊಂಡರೂ ಇದೇ ನಿಯಮ. ಕೌಂಟರಿನಲ್ಲಿ ಡ್ರೈವಿಂಗ್ ಲೈಸೆನ್ಸ್ ನೋಡಿ, ಒಂದು ಫಾರ್ಮಿಗೆ ಸಹಿ ಹಾಕಿಸಿ ಒಳಗೆ ಬಿಡುತ್ತಾರೆ, ಅಷ್ಟೆ. ಅವರು ವೀಸಾ ಕೇಳಲಿಲ್ಲ ಎಂಬುದು ಕೋರ್ಟಿನಲ್ಲಿ ಉತ್ತರವಾಗುವುದಿಲ್ಲ ಮಾರಾಯ. ನಿನ್ನ ವೀಸಾ ಯಾವುದೆಂದು ಗೊತ್ತಿದ್ದೂ ಗುಂಡು ಪಾಲು ಕೊಟ್ಟರೆ ಸ್ನೇಹಿತನೂ ಸಿಕ್ಕಿಹಾಕಿಕೊಳ್ಳುತ್ತಾನೆ. ಅವನ ಹತ್ತಿರ ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಇದ್ದರೆ ಈ ನಿರ್ಬಂಧ ಅವನಿಗಿಲ್ಲ. ಅವನು ಆರಾಮವಾಗಿ ಮಾತಾಡುವುದು ಅದಕ್ಕೇ ಇರಬೇಕು.

ನಿನಗೆ ಕೋವಿಯ ಶಿಸ್ತು ಹೊಸತಲ್ಲ. ತೋಟಕ್ಕೆ ಮಂಗ, ಹಂದಿಯ ಕಾಟವೆಂದು ಲೈಸೆನ್ಸ್ ಮಾಡಿಸಿ, ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಿ ರಶೀದಿ ತಂದು ಜೋಪಾನ ಮಾಡುವ ಅಪ್ಪನನ್ನು ನೋಡಿಯೇ ಬೆಳೆದವನು ನೀನು. ಡಲ್ಲಾಸ್ ಇರುವ ಟೆಕ್ಸಾಸಿನಲ್ಲಿ ಗುಂಡು ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಮೀನಿನ ಗಾಳ, ಟೆಂಟುಗಳ ಪಕ್ಕದಲ್ಲೇ ಸಾಲಾಗಿ ಇಟ್ಟಿರುತ್ತದೆ. ನೋಡಿದವನಿಗೆ ಇಲ್ಲಿ ಕಾನೂನೇ ಇಲ್ಲವೇನೋ ಅನ್ನಿಸುತ್ತದೆ. ಉಂಟು, ಮತ್ತು ನಮ್ಮ ಮೇಲೆ ಹೆಚ್ಚೇ ಉಂಟು.

ದಾರಿ ಇಲ್ಲವೆಂದಲ್ಲ. ಟೆಕ್ಸಾಸಿನಲ್ಲಿ ಆರು ತಿಂಗಳಿಗಿಂತ ಹೆಚ್ಚು ನೆಲೆಸಿದ ಮೇಲೆ ನಿವಾಸಿಗಳ ಬೇಟೆ ಪರವಾನಗಿ 25 ಡಾಲರಿಗೆ ಸಿಗುತ್ತದೆ. ಅದು ಆಗಸ್ಟ್ ಕೊನೆಗೆ ಮುಗಿಯುವಂಥದ್ದು, ವರ್ಷವರ್ಷ ಹೊಸದು ಮಾಡಿಸಬೇಕು. ಸೆಪ್ಟೆಂಬರಿನಲ್ಲಿ ಮರೆತೆಯೋ, ಮನೆಯಲ್ಲಿರುವ ಗುಂಡೇ ನಿನಗೆ ಕಂಟಕ. ಬೇಟೆಯಾಡುವ ಮನಸ್ಸಿಲ್ಲದಿದ್ದರೂ ಬೇಟೆಗಾರರ ಸುರಕ್ಷತಾ ಕೋರ್ಸ್ ಮಾಡಿಕೋ, ಆನ್‌ಲೈನಿನಲ್ಲೇ ಆಗುತ್ತದೆ. ಇಷ್ಟೆಲ್ಲಾ ಆದ ಮೇಲೂ ಕಂಪನಿಯ ಇಮಿಗ್ರೇಶನ್ ವಕೀಲರಿಗೆ ಒಂದು ಇಮೇಲ್ ಹಾಕಿ ಬರಹದಲ್ಲಿ ಉತ್ತರ ತರಿಸಿಕೋ. ನಾನಂತೂ ಪೌರತ್ವ ಬಂದ ಮೇಲೆಯೇ ರೇಂಜಿನ ಬಾಗಿಲು ದಾಟಿದ್ದು.

ಅಲ್ಲಿಯವರೆಗೆ ಗುರಿ ಹಿಡಿಯುವ ಆಸೆ ತಡೆಯದಿದ್ದರೆ .177 ಏರ್ ರೈಫಲ್ ತಗೋ (ಆ ಅಂಕೆ ಇಂಚಿನಲ್ಲಿ ನಳಿಗೆಯ ಅಳತೆ). ಗಾಳಿಯ ಒತ್ತಡದಿಂದ ಹೊಡೆಯುವುದನ್ನು ಫೆಡರಲ್ ಕಾನೂನು ಬಂದೂಕು ಎಂದು ಎಣಿಸುವುದಿಲ್ಲ. ನ್ಯೂಜೆರ್ಸಿಯಂಥ ರಾಜ್ಯ ಎಣಿಸುತ್ತದೆ, ಆದ್ದರಿಂದ ಮುಂದೆ ಊರು ಬದಲಾಯಿಸಿದರೆ ನೋಡಿಕೋ. ಇದನ್ನು ಸಣ್ಣ ಆಟವೆಂದು ತಳ್ಳಿಹಾಕಬೇಡ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲಿನಲ್ಲೇ, 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಕಂಚು ಗೆದ್ದದ್ದು ಏರ್ ಪಿಸ್ತೂಲಿನಲ್ಲಿ. ಉಸಿರು, ಗುರಿ, ಟ್ರಿಗರ್ ಎಳೆಯುವ ಬೆರಳಿನ ಹದ ಎಲ್ಲವನ್ನೂ ಇದರಲ್ಲೇ ಕಲಿಯಬಹುದು. ಅದಕ್ಕೆ ಹಾಕುವ ಪೆಲೆಟ್ ಎಂಬ ಪುಟ್ಟ ಗುಂಡಿನ ಡಬ್ಬವನ್ನು ಎಷ್ಟು ಬೇಕಾದರೂ ಒಟ್ಟಿಗೆ ತರಿಸು, ನನ್ನದೇನೂ ತಕರಾರಿಲ್ಲ.

ಇನ್ನು ಅಗ್ಗದ ಗುಂಡಿಗೆ ಬರುತ್ತೇನೆ. ನಿನ್ನ ಕೈಗೆ ಪರವಾನಗಿ ಬಂದಿದೆ ಎಂದೇ ಇಟ್ಟುಕೊಳ್ಳುವ.

ಲೆಕ್ಕ ಹೀಗೆ ಹಾಕು. ಪಿಸ್ತೂಲಿಗೆ ಹಾಕುವ 9 ಎಂಎಂ ಗುಂಡು 50ರ ಪೆಟ್ಟಿಗೆಯಲ್ಲಿ 15 ಡಾಲರ್ ಎಂದಾದರೆ ಒಂದಕ್ಕೆ 30 ಸೆಂಟ್. ಸಾವಿರದ ಪೆಟ್ಟಿಗೆ 230 ಡಾಲರಿಗೆ ಸಿಕ್ಕರೆ 23 ಸೆಂಟ್. ಸಾವಿರಕ್ಕೆ 70 ಡಾಲರ್ ಉಳಿತಾಯ, ಕೇಳಲಿಕ್ಕೆ ಚಂದ. ಆದರೆ ಹೊಸಬ ತಿಂಗಳಿಗೆ ನೂರು ಹೊಡೆದರೆ ಹೆಚ್ಚು. ಅಂದರೆ ತಿಂಗಳಿಗೆ ಉಳಿಯುವುದು 7 ಡಾಲರ್. ಸಾವಿರ ಗುಂಡು ಸುಮಾರು 12 ಕಿಲೋ ತೂಗುತ್ತದೆ; ಮನೆಗೆ ತರಿಸುವ ಸಾಗಣೆ ಖರ್ಚು ಸೇರಿಸಿದರೆ ಆ ಏಳೂ ಕರಗುತ್ತದೆ. ಇಷ್ಟಕ್ಕಾಗಿ ಎರಡು ವರ್ಷದ ಮಗುವಿರುವ ಅಪಾರ್ಟ್‌ಮೆಂಟಿನಲ್ಲಿ 12 ಕಿಲೋ ಗುಂಡಿಗೆ ಬೀಗ ಹಾಕಿ ಕಾಯುತ್ತಾ ಕೂರಬೇಕಾ?

ಅಗ್ಗದ್ದು ಯಾಕೆ ಅಗ್ಗ ಎಂಬುದನ್ನೂ ನೋಡು. ಕೆಲವದರ ಕೇಸ್, ಅಂದರೆ ಮದ್ದು ತುಂಬುವ ಕೊಳವೆ, ಹಿತ್ತಾಳೆಯದ್ದಲ್ಲ, ಉಕ್ಕಿನದ್ದು. ತುದಿಯ ಸೀಸಕ್ಕೆ ಹೊದಿಸಿದ ತಾಮ್ರದ ಕವಚದ ಒಳಗೂ ಉಕ್ಕು ಇರಬಹುದು. ಅನೇಕ ಒಳಾಂಗಣ ರೇಂಜುಗಳಲ್ಲಿ ಒಳಗೆ ಬಿಡುವ ಮೊದಲು ನಿನ್ನ ಪೆಟ್ಟಿಗೆ ತೆಗೆಸಿ, ಒಂದು ಸಣ್ಣ ಅಯಸ್ಕಾಂತವನ್ನು ಗುಂಡಿನ ಮೂತಿಗೆ ತಾಗಿಸುತ್ತಾರೆ. ಟಿಕ್ ಎಂದು ಅಂಟಿತೋ, ಪೆಟ್ಟಿಗೆ ಮುಚ್ಚಿ ಕಾರಿಗೆ ವಾಪಸು. ಉಕ್ಕಿನಿಂದ ಕಿಡಿ ಹಾರುತ್ತದೆ, ಗುಂಡು ತಡೆಯುವ ಹಿಂಬದಿಯ ಗೋಡೆ ಹಾಳಾಗುತ್ತದೆ ಎಂದು ಈ ನಿಯಮ. ಅಗ್ಗದ ಉಕ್ಕಿನ ಗುಂಡು ಹಿಂದೆ ಹೆಚ್ಚಾಗಿ ರಷ್ಯಾದಿಂದ ಬರುತ್ತಿತ್ತು. 2021ರ ಸೆಪ್ಟೆಂಬರಿನಿಂದ ಅದರ ಆಮದಿಗೆ ಹೊಸ ಅನುಮತಿ ನಿಂತಿದೆ.

.22 ಎಂಬ ಸಣ್ಣ ಗುಂಡಿನ ಕಥೆ ಬೇರೆ. ಕಲಿಯುವವನಿಗೆ ನಾನು ಹೇಳುವುದೂ ಅದನ್ನೇ: ಒದೆತ ಕಡಿಮೆ, ಸದ್ದು ಕಡಿಮೆ, ಬೆಲೆ 9 ಎಂಎಂನ ಅರ್ಧಕ್ಕಿಂತಲೂ ಕಡಿಮೆ. 500, 525, 550ರ ಡಬ್ಬಗಳಲ್ಲಿ ಬರುತ್ತದೆ. ಕೆಲವದರಲ್ಲಿ ಗುಂಡುಗಳನ್ನು ಜೋಡಿಸಿಟ್ಟಿರುವುದಿಲ್ಲ, ಗಲಗಲ ಸುರಿದಿರುತ್ತಾರೆ. ಮುಷ್ಟಿ ತುಂಬ ತೆಗೆದರೆ ಕೈಗೆ ಮೇಣ, ಸೀಸದ ಕಪ್ಪು. ಅಲ್ಲೊಂದು ಇಲ್ಲೊಂದು ಮೂತಿ ಜಜ್ಜಿದ್ದೂ ಸಿಗುತ್ತದೆ. ಇದರಲ್ಲಿ ಕಿಡಿ ಹೊತ್ತಿಸುವ ಮದ್ದು ಮಧ್ಯದಲ್ಲಿರುವುದಿಲ್ಲ, ಕೇಸಿನ ಬುಡದ ಅಂಚಿನ ಒಳಗೆ ಸುತ್ತಲೂ ತಿರುಗಿಸಿ ತುಂಬಿರುತ್ತಾರೆ. ಅಂಚಿನ ಒಂದು ಕಡೆ ಮದ್ದು ತಲುಪದಿದ್ದು ಬಂದೂಕಿನ ಪಿನ್ನು ಅಲ್ಲೇ ಬಡಿದರೆ ಗುಂಡು ಹಾರುವುದಿಲ್ಲ. ಆಗ ಬಂದೂಕಿನ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು, ತಡವಾಗಿ ಸಿಡಿಯುವುದುಂಟು.

ಹಾಗಾದರೆ ಬಲ್ಕ್, ಅಂದರೆ ಒಮ್ಮೆಲೇ ದೊಡ್ಡ ಡಬ್ಬ, ಕೊಳ್ಳುವುದೇ ತಪ್ಪಾ? ಖಂಡಿತ ಅಲ್ಲ. ಖಾಲಿ ಡಬ್ಬಿಗೆ ಗುರಿಯಿಟ್ಟು ಉರುಳಿಸಲು, ಕೈ ಪಳಗಿಸಲು ಬಲ್ಕ್ .22 ಒಳ್ಳೆಯದೇ. ಸ್ಪರ್ಧೆಗೆ, 50 ಗಜ ದೂರದಿಂದ ಗುಂಡುಗಳೆಲ್ಲ ಒಂದೇ ಕಡೆ ಒತ್ತೊತ್ತಾಗಿ ಬೀಳುವಂತೆ ಹೊಡೆಯಲಿಕ್ಕೆ ಆಗದು, ಒಂದರಿಂದ ಒಂದಕ್ಕೆ ವೇಗ ವ್ಯತ್ಯಾಸವಾಗುತ್ತದೆ. ನಮ್ಮಲ್ಲಿ ಒಂದು ಮುಡಿ ಅಕ್ಕಿ ಕೊಳ್ಳುವ ಮೊದಲು ಒಂದು ಪಾವು ಬೇಯಿಸಿ ನೋಡುವುದಿಲ್ಲವಾ, ಹಾಗೆ ಎರಡು ಮೂರು ತರದ ಸಣ್ಣ ಪೆಟ್ಟಿಗೆ ತಂದು ನಿನ್ನದೇ ಬಂದೂಕಿನಲ್ಲಿ ಹೊಡೆದು ನೋಡು. ಸ್ನೇಹಿತನ ಬಂದೂಕಿಗೆ ಒಗ್ಗಿದ್ದು ನಿನ್ನದಕ್ಕೆ ಒಗ್ಗಬೇಕೆಂದಿಲ್ಲ. ಒಗ್ಗಿದ್ದು ಸಿಕ್ಕಿದ ಮೇಲೆ ದೊಡ್ಡ ಡಬ್ಬ ತಗೋ, ಅದರ ಮೇಲಿನ ಲಾಟ್ ನಂಬರ್ (ಯಾವ ಕಂತಿನಲ್ಲಿ ತಯಾರಾದದ್ದು ಎಂಬ ಗುರುತು) ಹರಿದು ಬಿಸಾಡಬೇಡ. 2013ರಲ್ಲಿ .22 ಸಿಗದೆ ಜನ ಅಂಗಡಿ ಬಾಗಿಲಲ್ಲಿ ಕಾದದ್ದು, 2020ರಲ್ಲಿ ಎಲ್ಲ ಶೆಲ್ಫ್ ಖಾಲಿಯಾದದ್ದು ನಿಜ. ಹಾಗಾಗಿ ನಾಲ್ಕಾರು ತಿಂಗಳಿಗೆ ಸಾಕಾಗುವಷ್ಟು ಇಟ್ಟುಕೊಳ್ಳುವುದು ಬುದ್ಧಿವಂತಿಕೆ. ಹೆದರಿ ಗುಡ್ಡೆ ಹಾಕುವುದಲ್ಲ.

ಒಂದನ್ನು ಮಾತ್ರ ಎಷ್ಟೇ ಅಗ್ಗವಾದರೂ ಮುಟ್ಟಬೇಡ: ಬಳಸಿದ ಕೇಸಿಗೆ ಯಾರೋ ಮತ್ತೆ ಮದ್ದು ತುಂಬಿ ಜಿಪ್‌ಲಾಕ್ ಚೀಲದಲ್ಲಿ ಮಾರುವ ಗುಂಡು. ಒಮ್ಮೆ ನನ್ನ ಪಕ್ಕದ ಲೇನಿನವನು ಅಂಥದ್ದನ್ನೇ ಹೊಡೆಯುತ್ತಿದ್ದ. ಢಂ ಢಂ ಎನ್ನುತ್ತಿದ್ದದ್ದು ಒಂದು ಸಲ ಪುಸ್ ಎಂದಿತು, ಕೈಗೆ ಒದೆತವೂ ಇಲ್ಲ. ಅವನು ಮತ್ತೆ ಟ್ರಿಗರ್ ಎಳೆಯುವಷ್ಟರಲ್ಲಿ ರೇಂಜ್ ಆಫೀಸರ್ ಕೂಗಿ ನಿಲ್ಲಿಸಿದ. ಬಿಚ್ಚಿ ನೋಡಿದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿತ್ತು. ಮದ್ದು ಕಡಿಮೆ ಬಿದ್ದರೆ ಹೀಗಾಗುತ್ತದೆ. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಸಿಡಿಯುತ್ತಿತ್ತು. ಸದ್ದು ಸಣ್ಣದಾಯಿತು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸು, ಬಂದೂಕು ಖಾಲಿ ಮಾಡಿ ನಳಿಗೆ ನೋಡದೆ ಮುಂದಿನದು ಬೇಡ.

ಮಗಳ ವಿಷಯ. ಗುಂಡಿನ ತುದಿ ಸೀಸ, ಕಿಡಿ ಹೊತ್ತಿಸುವ ಮದ್ದಿನಲ್ಲೂ ಹೆಚ್ಚಾಗಿ ಸೀಸ, ರೇಂಜಿನ ಧೂಳಿನಲ್ಲೂ ಅದೇ. ಸಣ್ಣ ಮಕ್ಕಳ ಮಿದುಳಿಗೆ ಅದು ವಿಷ. ರೇಂಜಿನಲ್ಲಿ ಏನೂ ತಿನ್ನಬೇಡ, ಹೊರಗೆ ಬಂದ ಕೂಡಲೇ ತಣ್ಣೀರು, ಸೋಪು ಹಾಕಿ ಕೈ ಮುಖ ತೊಳಿ. ಚಪ್ಪಲಿ ಹೊರಗೆ ಬಿಡುವ ನಮ್ಮ ಮನೆಯ ಪದ್ಧತಿಯನ್ನು ಅಲ್ಲಿಯೂ ಬಿಡಬೇಡ. ಸ್ನಾನ ಮಾಡಿ ಬಟ್ಟೆ ಬದಲಾಯಿಸಿದ ಮೇಲೆಯೇ ಮಗುವನ್ನು ಎತ್ತಿಕೋ, ಆ ಬಟ್ಟೆಯನ್ನು ಬೇರೆಯಾಗಿ ಒಗೆ.

ಅಪ್ಪನ ತೋಟೆಯ ಪ್ರಶ್ನೆಗೆ ಉತ್ತರ, ಬೇಡವೇ ಬೇಡ. ನಾಲ್ಕಲ್ಲ, ಒಂದೂ ಬೇಡ. ಅಪ್ಪನ ಲೈಸೆನ್ಸ್ ಅಪ್ಪನಿಗೆ ಮಾತ್ರ, ನಿನ್ನ ಚೀಲಕ್ಕಲ್ಲ. ಬಜ್ಪೆಯಲ್ಲೋ ಬೆಂಗಳೂರಿನಲ್ಲೋ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಜೀವಂತ ಗುಂಡು ಕಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು. ಗೊತ್ತಿಲ್ಲದೆ ಚೀಲದಲ್ಲಿ ಉಳಿದದ್ದೆಂದು ಹೈಕೋರ್ಟುಗಳು ಇಂಥ ಕೇಸು ರದ್ದು ಮಾಡಿದ್ದುಂಟು, ಆದರೆ ಅಲ್ಲಿಯವರೆಗೆ ನಿನ್ನ ರಜೆಯೂ ನೌಕರಿಯೂ ಅತಂತ್ರ. ಅದಕ್ಕೇ ರೇಂಜಿಗೆ ಒಂದು ಚೀಲ ಬೇರೆಯೇ ಇಡು, ಅದು ವಿಮಾನ ಹತ್ತಬಾರದು. ಖಾಲಿ ಕೇಸನ್ನೂ ನೆನಪಿಗೆಂದು ಜೇಬಿಗೆ ಹಾಕಬೇಡ. ಅಪ್ಪನಿಗೆ ಬೇಕಾದ ತೋಟೆಯನ್ನು ಅವರೇ ಲೈಸೆನ್ಸ್ ಪುಸ್ತಕ ಹಿಡಿದು, ಅದರಲ್ಲಿ ಬರೆದ ಮಿತಿಯೊಳಗೆ, ಅಧಿಕೃತ ಅಂಗಡಿಯಿಂದ ತರಲಿ. ನೀನು ಡಲ್ಲಾಸಿಗೆ ಬಂದು ಮನೆ ಹಿಡಿದ ಮೇಲೆ ಒಂದು ಫೋನ್ ಮಾಡು, ಏರ್ ರೈಫಲ್ ಅಂಗಡಿಗೆ ನಾನೇ ಒಟ್ಟಿಗೆ ಬರುತ್ತೇನೆ.