ಗಿನಿಪಿಗ್‌ಗೆ ಮಹಡಿ ಬೇಡ, ನೆಲ ಬೇಕು

ಪ್ರಶ್ನೆ: ಡಾಕ್ಟರೇ, ನಮ್ಮ ಕೆಳಗಿನ ಮನೆಯವರು ಪುಣೆಗೆ ವರ್ಗವಾಗಿ ಹೋಗುವಾಗ ತಮ್ಮ ಎರಡು ಗಿನಿಪಿಗ್‌ಗಳನ್ನು ನಮಗೆ ಕೊಟ್ಟು ಹೋದರು. ಎರಡೂ ಗಂಡು ಅಂತ ಹೇಳಿದ್ದಾರೆ. ನಾವು ಅಂಗಡಿಯಿಂದ ಎರಡು ಅಂತಸ್ತಿನ ಕಬ್ಬಿಣದ ಪಂಜರ ತಂದೆವು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ. ತಳಕ್ಕೆ ಜಾಲರಿ, ಅದರಡಿಯಲ್ಲಿ ಹಿಕ್ಕೆ ಬೀಳಲು ಟ್ರೇ. ಮನೆ ಚಿಕ್ಕದು, ಅದಕ್ಕೆ ಬಾಲ್ಕನಿಯಲ್ಲಿ ಇಟ್ಟಿದ್ದೇವೆ. ಎರಡೂ ಮೂಲೆ ಬಿಟ್ಟು ಕದಲುವುದಿಲ್ಲ, ಏಣಿಯನ್ನಂತೂ ಹತ್ತುವುದೇ ಇಲ್ಲ. ಏಳನೇ ಕ್ಲಾಸಿನ ಮಗಳಿಗೆ ತುಂಬಾ ಬೇಜಾರಾಗಿದೆ. ಪಂಜರ ಸರಿ ಇದೆಯಾ? ಏನಾದರೂ ಬದಲಿಸಬೇಕಾ?
— ಒಬ್ಬ ತಾಯಿ, ಬಸವೇಶ್ವರನಗರ

ಉತ್ತರ: ಪಂಜರ ಸರಿ ಇಲ್ಲಮ್ಮ, ಬಾಲ್ಕನಿಯೂ ಬೇಡ. ಗಾಬರಿಯಾಗಬೇಡಿ. ಎರಡನ್ನೂ ಈ ಶನಿವಾರ, ಭಾನುವಾರದಲ್ಲೇ ಸರಿ ಮಾಡಿಕೊಳ್ಳಬಹುದು. ಅಂಗಡಿಯವರು ವಾಪಸ್ ತೆಗೆದುಕೊಂಡರೆ ಪಂಜರ ಕೊಟ್ಟುಬಿಡಿ.

ಗಿನಿಪಿಗ್‌ಗಳು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸೀಮೆಯವು. ಇವುಗಳ ಕಾಡು ನೆಂಟರು ಹುಲ್ಲಿನ ಮರೆಯಲ್ಲಿ ಓಡಾಡಿ, ಮೇಲೆ ನೆರಳು ಕಂಡರೆ ಬಿಲಕ್ಕೋ ಪೊದೆಗೋ ನುಗ್ಗುತ್ತವೆ. ಸುಮಾರು ಒಂದು ಕೆಜಿ ತೂಗುವ ಮೈ, ಗಿಡ್ಡ ಕಾಲು. ಹತ್ತುವುದು, ನೆಗೆಯುವುದು ಇವಕ್ಕೆ ಹೇಳಿಸಿದ್ದಲ್ಲ. ಕಡಿದಾದ ಏಣಿಯಿಂದ ಜಾರಿದರೆ ಕಾಲೋ ಬೆನ್ನೋ ಮುರಿಯುತ್ತದೆ. ಹಾಗಾಗಿ ಎರಡನೇ ಅಂತಸ್ತನ್ನು ಜಾಗದ ಲೆಕ್ಕಕ್ಕೇ ಹಿಡಿಯಬೇಡಿ. ಉಳಿಯುವುದು ಮೂರು ಚದರಡಿ. ಎರಡು ಗಿನಿಪಿಗ್‌ಗೆ ಕಡಿಮೆ ಅಂದರೂ ಏಳೂವರೆ ಚದರಡಿ ನೆಲ ಬೇಕು. ಎರಡೂ ಗಂಡಾದರೆ ನಾನು ಹತ್ತಕ್ಕಿಂತ ಕಡಿಮೆ ಹೇಳುವುದಿಲ್ಲ. ಇಕ್ಕಟ್ಟಿನಲ್ಲಿ ಗಂಡುಗಳು ಜಗಳಕ್ಕೆ ಬೀಳುತ್ತವೆ.

ನನಗೆ ಹೆಚ್ಚು ಚಿಂತೆ ಆ ಜಾಲರಿ ತಳದ್ದು. ಕ್ಲಿನಿಕ್‌ಗೆ ಗಿನಿಪಿಗ್ ಬಂದರೆ ನಾನು ಮೊದಲು ನೋಡುವುದೇ ಅಂಗಾಲು. ಅಲ್ಲಿ ಕೂದಲಿಲ್ಲ. ಮಗುವಿನ ಕಿವಿಯ ಹಾಲೆಯಷ್ಟು ಮೆತ್ತಗಿನ ಚರ್ಮ. ತಂತಿಯ ಮೇಲೆ ನಿಂತೂ ನಿಂತೂ ಮೊದಲು ಹಿಮ್ಮಡಿ ಕೆಂಪಾಗುತ್ತದೆ, ಆಮೇಲೆ ಕೂದಲೆಳೆಯಷ್ಟು ಬಿರುಕು, ಅದರ ಮೇಲೊಂದು ಹಕ್ಕಳೆ. ಒಳಗೆ ಕೀವು ಕಟ್ಟಿದರೆ ಮೂಳೆಯವರೆಗೂ ಇಳಿಯುತ್ತದೆ. ಆ ಹಂತಕ್ಕೆ ಬಂದರೆ ವಾಸಿ ಮಾಡುವುದು ಬಹಳ ಕಷ್ಟ. ಕಾಲುಬೆರಳು ತಂತಿ ಸಂದಿಗೆ ಸಿಕ್ಕಿ ಮುರಿಯುವುದೂ ಉಂಟು. ಇವತ್ತೇ ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು ನಾಲ್ಕೂ ಅಂಗಾಲು ನೋಡಿ. ಕೆಂಪಿದ್ದರೆ ಡಾಕ್ಟರಿಗೆ ತೋರಿಸಿ. ಹೊಸ ಗೂಡು ಆಗುವ ತನಕ ಜಾಲರಿಯ ಮೇಲೆ ದಪ್ಪ ಟವೆಲ್ ಹಾಸಿ, ಏಣಿ ಕಿತ್ತುಹಾಕಿ.

ಈಗ ಹೊಸ ಗೂಡಿನ ವಿಷಯ. ದುಡ್ಡು ಜಾಸ್ತಿ ಬೇಕಾಗಿಲ್ಲ. ‘ಮನೆ ಬಾಡಿಗೆಗೆ ಇದೆ’ ಬೋರ್ಡ್ ಮಾಡುತ್ತಾರಲ್ಲ, ಆ ಸನ್‌ಪ್ಯಾಕ್ ಶೀಟ್ ಒಂದು ತನ್ನಿ. ಬೋರ್ಡ್ ಬರೆಯುವವರ ಹತ್ತಿರ, ಪ್ರಿಂಟಿಂಗ್ ಅಂಗಡಿಗಳಲ್ಲಿ ಸಿಗುತ್ತದೆ. ಬಟ್ಟೆ, ಪುಸ್ತಕ ಇಡಲು ಜೋಡಿಸುವ ತಂತಿಯ ಗ್ರಿಡ್‌ಗಳು ಆನ್‌ಲೈನ್‌ನಲ್ಲಿ ಬರುತ್ತವೆ. 14 ಇಂಚಿನವು 12 ಸಾಕು. ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು ನಿಲ್ಲಿಸಿ ಕೇಬಲ್ ಟೈ ಬಿಗಿದರೆ ಒಳಗೆ ಹತ್ತೂವರೆ ಚದರಡಿ ನೆಲ ಸಿಗುತ್ತದೆ. ಟೈಗಳ ಬಾಲವನ್ನು ಬುಡಕ್ಕೆ ಕತ್ತರಿಸಿ, ಚೂಪು ತುದಿ ಹೊರಗಿರಲಿ. ಶೀಟನ್ನು ಗೂಡಿನ ಅಳತೆಗಿಂತ ನಾಲ್ಕೂ ಕಡೆ ಆರು ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿ. ಮಡಿಸುವ ಗೆರೆಯಲ್ಲಿ ಬ್ಲೇಡಿನಿಂದ ಒಂದು ಪದರ ಮಾತ್ರ ಕೊಯ್ದು ಮೇಲಕ್ಕೆತ್ತಿದರೆ ಟ್ರೇ ತಯಾರು. ಮೂಲೆಗಳಿಗೆ ಹೊರಗಿನಿಂದಲೇ ಟೇಪ್ ಹಾಕಿ, ಒಳಗೆ ಹಾಕಿದರೆ ಕಡಿದು ನುಂಗುತ್ತವೆ. ಆ ಆರಿಂಚಿನ ಗೋಡೆ ಇದ್ದರೆ ಹುಲ್ಲು, ಹಿಕ್ಕೆ ಹೊರಗೆ ಚೆಲ್ಲುವುದಿಲ್ಲ. ಗ್ರಿಡ್ ಕೊಳ್ಳುವಾಗ ಒಂದು ನೆನಪಿಡಿ: ಕಿಂಡಿ ಒಂದೂವರೆ ಇಂಚಿಗಿಂತ ದೊಡ್ಡದಿದ್ದರೆ ತಲೆ ಸಿಕ್ಕಿಕೊಳ್ಳುವ ಅಪಾಯ ಇದೆ.

ಇಷ್ಟು ದೊಡ್ಡದನ್ನು ಎಲ್ಲಿಡುವುದು ಅಂತ ಕೇಳುತ್ತೀರಿ. ದಿವಾನದ ಅಡಿ ಎತ್ತರವಿದ್ದರೆ ಅರ್ಧ ಭಾಗ ಅಲ್ಲಿಗೆ ಸೇರಿಸಬಹುದು, ಅವಕ್ಕೂ ಮರೆ ಇಷ್ಟ. ಇಲ್ಲದಿದ್ದರೆ ಹಾಲ್‌ನಲ್ಲಿ ಗೋಡೆಗೆ ಒತ್ತಿ ಇಡಿ, ಟಿವಿ ಮತ್ತು ಬಾಗಿಲಿನಿಂದ ದೂರ. ಬಾಲ್ಕನಿ ಯಾಕೆ ಬೇಡ ಅಂದರೆ, ಅಲ್ಲಿ ಹಗಲು ಕಾಗೆ, ಹದ್ದು, ರಾತ್ರಿ ಬೆಕ್ಕು, ಹೆಗ್ಗಣ. ಪಾರಿವಾಳದ ಬಲೆಯನ್ನು ಹೆಗ್ಗಣ ಒಂದೇ ರಾತ್ರಿಯಲ್ಲಿ ಕಡಿಯುತ್ತದೆ. ಬೆಕ್ಕು ಒಳಗೆ ಬರಬೇಕಂತಲೂ ಇಲ್ಲ, ಹೊರಗೆ ಕೂತು ದಿಟ್ಟಿಸಿದರೂ ಇವು ಹೆದರಿ ತಿನ್ನುವುದನ್ನೇ ಬಿಡುತ್ತವೆ. ನಿಮ್ಮವು ಮೂಲೆ ಹಿಡಿದಿರುವುದಕ್ಕೆ ಇದೇ ಕಾರಣ ಅಂತ ನನ್ನ ಅನಿಸಿಕೆ.

ಬಿಸಿಲಿನ ಮಾತೂ ಇದೆ. ಇವಕ್ಕೆ 18ರಿಂದ 24 ಡಿಗ್ರಿ ಹಿತ. ವರ್ಷದ ಬಹುಪಾಲು ನಮ್ಮ ಬೆಂಗಳೂರು ಇವಕ್ಕೆ ಒಳ್ಳೆಯ ಊರೇ. ಮಾರ್ಚ್‌ನಿಂದ ಮೇ ತನಕ ಮಾತ್ರ ಹುಷಾರು. 28 ದಾಟಿದರೆ ಕಷ್ಟ ಶುರು, ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ 34–35 ಆಗುತ್ತದೆ ಅಲ್ವಾ? ಆಗ ಗೂಡಿನಲ್ಲಿ ಕಡಪ ಕಲ್ಲಿನ ತುಂಡೊಂದನ್ನು ಇಡಿ, ಹೊಟ್ಟೆ ಆನಿಸಿ ಮಲಗುತ್ತವೆ. ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮೈಚಾಚಿ ಬಿದ್ದು ಜೋರಾಗಿ ಉಸಿರಾಡುತ್ತಾ ಜೊಲ್ಲು ಸುರಿಸಿದರೆ ಬಿಸಿಲು ಹೊಡೆದಿದೆ ಅಂತ ಅರ್ಥ. ಒದ್ದೆ ಬಟ್ಟೆಯಲ್ಲಿ ಕಿವಿ, ಪಾದ ಒರೆಸುತ್ತಾ ತಕ್ಷಣ ಆಸ್ಪತ್ರೆಗೆ ಹೊರಡಿ. ಐಸ್ ನೀರಿನಲ್ಲಿ ಅದ್ದಬೇಡಿ.

ಹಾಸಿಗೆಗೆ ತಳದಲ್ಲಿ ಪೇಪರ್, ಅದರ ಮೇಲೆ ಹಳೆ ಟವೆಲ್, ಎಲ್ಲಕ್ಕಿಂತ ಮೇಲೆ ಉಣ್ಣೆಯಂಥ ಫ್ಲೀಸ್ ಬಟ್ಟೆ. ಹೊಸ ಫ್ಲೀಸನ್ನು ನಾಲ್ಕೈದು ಸಲ ಒಗೆದ ಮೇಲೇ ಹಾಸಿ, ಆಗ ಮಾತ್ರ ಉಚ್ಚೆ ಕೆಳಗಿಳಿದು ಮೇಲೆ ಒಣಗಿರುತ್ತದೆ. ಸಾ ಮಿಲ್‌ನಲ್ಲಿ ಪುಕ್ಕಟೆ ಸಿಗುತ್ತದೆ ಅಂತ ಮರದ ಹೊಟ್ಟು ತರಬೇಡಿ. ಆ ಧೂಳಿಗೆ ಮೂಗು ಸೋರಿ, ಶ್ವಾಸಕೋಶಕ್ಕೆ ಹತ್ತುತ್ತದೆ. ಹಿಕ್ಕೆಯನ್ನು ದಿನಾ ಗುಡಿಸಬೇಕು, ಬಟ್ಟೆಯನ್ನು ಮೂರು ನಾಲ್ಕು ದಿನಕ್ಕೆ ಬದಲಿಸಬೇಕು. ಮಳೆಗಾಲದಲ್ಲಿ ಇನ್ನೂ ಬೇಗ. ಹಿಂಭಾಗ ಒದ್ದೆಯಾಗಿದ್ದರೆ ನೊಣ ಮೊಟ್ಟೆಯಿಟ್ಟು ಹುಳ ಬೀಳುತ್ತದೆ, ಅದು ಜೀವಕ್ಕೇ ಸಂಚಕಾರ. ಗೂಡು ಒರೆಸಲು ಫಿನಾಯಿಲ್ ಬೇಡ, ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿದರೆ ಸಾಕು.

ಒಳಗೆ ಅಡಗುಮನೆ ಬೇಕೇ ಬೇಕು. ತಲೆಗೊಂದು, ಒಂದೊಂದಕ್ಕೂ ಎರಡು ಬಾಗಿಲು. ಒಂದೇ ಬಾಗಿಲಿದ್ದರೆ ಜೋರಿನದು ಅಡ್ಡ ಕೂತು ಸಾಧುವನ್ನು ಒಳಗೇ ಕಟ್ಟಿಹಾಕುತ್ತದೆ. ಟೇಪ್, ಪಿನ್ ಕಿತ್ತ ರಟ್ಟಿನ ಡಬ್ಬ ಸಾಕು. ಮಗಳೇ ಕತ್ತರಿಸಿ ಬಣ್ಣವಿಲ್ಲದೆ ಮಾಡಲಿ. ನೀರಿನ ಬಾಟಲಿ, ತಟ್ಟೆ, ಹುಲ್ಲಿನ ರಾಶಿ ಎಲ್ಲವೂ ಎರಡೆರಡು ಕಡೆ. ಓಡುವ ಚಕ್ರ, ಪ್ಲಾಸ್ಟಿಕ್ ಚೆಂಡು ಕೊಳ್ಳಬೇಡಿ, ಇವುಗಳ ಬೆನ್ನಿಗೆ ಅವು ಹೇಳಿದ್ದಲ್ಲ.

ಒಣಹುಲ್ಲು ಹಗಲು ರಾತ್ರಿ ಮುಂದಿರಬೇಕು. ಇವುಗಳ ಹಲ್ಲು ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೇ ಸವೆಯುವುದು. ಟಿಮೊಥಿ ಹುಲ್ಲು ಪೆಟ್ ಅಂಗಡಿಯಲ್ಲಿ ಸಿಗುತ್ತದೆ. ಲೂಸರ್ನ್ (ಕುದುರೆ ಮೆಂತೆ) ಮೇವಿನಲ್ಲಿ ಸುಣ್ಣದಂಶ ಜಾಸ್ತಿ, ಬೆಳೆದವಕ್ಕೆ ದಿನವೂ ಕೊಟ್ಟರೆ ಮೂತ್ರದಲ್ಲಿ ಕಲ್ಲಾಗಬಹುದು. ಗಾಂಧಿ ಬಜಾರಿನಲ್ಲಿ ಗಣಪತಿಗೆ ಅಂತ ಮಾರುವ ಗರಿಕೆ ಇವಕ್ಕೆ ಪಂಚಪ್ರಾಣ, ಚೆನ್ನಾಗಿ ತೊಳೆದು ಕೊಡಿ. ನಮ್ಮ ಹಾಗೆ ಇವುಗಳ ಮೈಯಲ್ಲೂ ವಿಟಮಿನ್ ಸಿ ತಯಾರಾಗುವುದಿಲ್ಲ. ದಿನಾ ದಪ್ಪ ಮೆಣಸಿನಕಾಯಿಯ ಒಂದೆರಡು ಹೋಳು ತಪ್ಪಿಸಬೇಡಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು ಬೇಡವೇ ಬೇಡ.

ಮಗಳಿಗೆ ಒಂದು ಮಾತು ಹೇಳಿ. ಮೇಲಿನಿಂದ ಕೈಹಾಕಿ ಎತ್ತಿದರೆ ಅವಕ್ಕೆ ಹದ್ದು ಬಂದ ಹಾಗೆ. ಮೊದಲ ವಾರ ಸುಮ್ನೆ ಗೂಡಿನ ಪಕ್ಕ ನೆಲದ ಮೇಲೆ ಕೂತು ಓದಿಕೊಳ್ಳಲಿ, ಒಂದು ಕೊತ್ತಂಬರಿ ಕಡ್ಡಿ ಹಿಡಿದು. ಅವಾಗಿಯೇ ಬರುತ್ತವೆ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ. ಇನ್ನು ಕೆಲವು ದಿನಕ್ಕೆ ಫ್ರಿಜ್ ಬಾಗಿಲು ತೆಗೆದ ಸದ್ದಿಗೇ ‘ವೀಕ್ ವೀಕ್’ ಅಂತ ಕೂಗುವುದನ್ನು ನೀವೇ ಕೇಳುತ್ತೀರಿ.

ಎರಡೂ ಗಂಡು ಅನ್ನುವ ಮಾತನ್ನು ನಂಬಿ ಕೂರಬೇಡಿ. ಡಾಕ್ಟರಿಂದ ಖಚಿತ ಮಾಡಿಸಿಕೊಳ್ಳಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಹೋಗಬಹುದು. ಒಂದು ಹೆಣ್ಣಾಗಿದ್ದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಮರಿಗಳು. ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ಮತ್ತೆ ಗರ್ಭ ಕಟ್ಟಬಹುದು.

ಪ್ರಶ್ನೆ: ನಮ್ಮಲ್ಲಿ ಮೊಲ ಇದೆ. ಹೊಸದಾಗಿ ತಂದ ಗಿನಿಪಿಗ್ಗನ್ನು ಅದರ ಗೂಡಿಗೇ ಬಿಡಬಹುದಾ?
— ಕಾಲೇಜು ವಿದ್ಯಾರ್ಥಿ, ಯಲಹಂಕ

ಉತ್ತರ: ಬಿಡಬೇಡಿ. ಮೊಲ ಆಟಕ್ಕೆ ಒದ್ದರೂ ಗಿನಿಪಿಗ್‌ನ ಪಕ್ಕೆಲುಬು ಮುರಿಯಬಹುದು. ಮೊಲದ ಮೂಗಿನಲ್ಲಿ ಏನೂ ತೊಂದರೆ ಕೊಡದೆ ಇರುವ ಬೋರ್ಡೆಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಗಿನಿಪಿಗ್‌ಗೆ ನ್ಯುಮೋನಿಯಾ ತರಿಸುತ್ತದೆ. ಗಿನಿಪಿಗ್‌ಗೆ ಜೊತೆ ಬೇಕು ಅನ್ನುವ ನಿಮ್ಮ ಯೋಚನೆ ಸರಿಯೇ. ಇನ್ನೊಂದು ಗಿನಿಪಿಗ್ಗನ್ನೇ ತನ್ನಿ.

ಪ್ರಶ್ನೆ: ದೀಪಾವಳಿ ಪಟಾಕಿಗೆ ನಮ್ಮ ಗಿನಿಪಿಗ್ ನಡುಗುತ್ತದೆ. ಏನು ಮಾಡಲಿ?
— ಓದುಗರು, ಜಯನಗರ

ಉತ್ತರ: ಬೀದಿ ಕಡೆ ಕಿಟಕಿ ಇಲ್ಲದ ಕೋಣೆಗೆ ಗೂಡನ್ನು ಸಂಜೆಗೆ ಮುಂಚೆಯೇ ಸಾಗಿಸಿ. ಗಾಳಿಗೆ ಜಾಗ ಬಿಟ್ಟು ಮೇಲೆ ದಪ್ಪ ಬೆಡ್‌ಶೀಟ್ ಹೊದಿಸಿ. ಒಳಗೆ ಮುಳುಗಿ ಕೂರುವಷ್ಟು ಹುಲ್ಲು ಹಾಕಿ. ಸಮಾಧಾನ ಮಾಡಲು ಎತ್ತಿಕೊಳ್ಳಬೇಡಿ, ಇನ್ನಷ್ಟು ಹೆದರುತ್ತದೆ. ಹಬ್ಬದ ದಿನಗಳಲ್ಲಿ ಹುಲ್ಲು ಎಷ್ಟು ಖಾಲಿಯಾಯಿತು, ಹಿಕ್ಕೆ ಎಷ್ಟು ಬಿತ್ತು ಅಂತ ನೋಡುತ್ತಿರಿ. ಇವುಗಳ ಕರುಳು ನಡೆಯುತ್ತಲೇ ಇರಬೇಕು. ರಾತ್ರಿ ಹಾಕಿದ್ದನ್ನು ಬೆಳಗ್ಗೆಯವರೆಗೂ ಮುಟ್ಟಿಲ್ಲ ಅಂದರೆ ಸಂಜೆಯ ತನಕ ಕಾಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೊಸ ಡಾಕ್ಟರಾದರೆ ಇದು ಗಿನಿಪಿಗ್ ಅಂತ ಫೋನಿನಲ್ಲೇ ತಿಳಿಸಿ. ನಾಯಿಗೆ ಕೊಡುವ ಅಮಾಕ್ಸಿಸಿಲಿನ್‌ನಂಥ ಮಾತ್ರೆ ಇವುಗಳ ಹೊಟ್ಟೆಗೆ ವಿಷ. ಮನೆಯಲ್ಲಿ ಉಳಿದಿದ್ದರೂ ಕೊಡಬೇಡಿ.